ಬಿಸಿಲು ಬಾಲ್ಕನಿಯೊಳಗೆ ಬರುವ ಕಾಲ: ಮಳೆಗಾಲ ಮುಗಿಯುವಾಗ ಫ್ಲ್ಯಾಟಿನ ಕೈತೋಟ

ಆಗಸ್ಟ್ 18ರ ಆಸುಪಾಸಿನಲ್ಲಿ ಒಂದು ದಿನ, ಮಧ್ಯಾಹ್ನ ಹನ್ನೆರಡೂವರೆಗೆ ಸ್ವಲ್ಪ ಮೊದಲು, ಬೆಂಗಳೂರಿನಲ್ಲಿ ನೆಟ್ಟಗೆ ನಿಂತ ಕೋಲಿಗೆ ನೆರಳೇ ಬೀಳುವುದಿಲ್ಲ. ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಶೂನ್ಯ ನೆರಳಿನ ದಿನ ಎಂದು ಶಾಲೆಯ ಮಕ್ಕಳಿಗೆ ತೋರಿಸುವುದು ಇದನ್ನೇ. ಆ ದಿನ ಮೋಡವಿದ್ದು ನಿಮಗೆ ಕಾಣದೇ ಹೋಗಬಹುದು, ಆದರೆ ಫ್ಲ್ಯಾಟಿನಲ್ಲಿ ತರಕಾರಿ ಬೆಳೆಯುವವರಿಗೆ ವರ್ಷದ ದೊಡ್ಡ ತಿರುವು ಅದು. ಏಪ್ರಿಲ್ ಕೊನೆಯಿಂದ ಅಲ್ಲಿಯವರೆಗೆ ಮಧ್ಯಾಹ್ನದ ಸೂರ್ಯ ಉತ್ತರದ ಕಡೆಗಿದ್ದ. ಇನ್ನು ದಕ್ಷಿಣಕ್ಕೆ ಜಾರುತ್ತಾನೆ, ದಿನದಿಂದ ದಿನಕ್ಕೆ ತಗ್ಗುತ್ತಾನೆ. ಅಂದರೆ ನಿಮ್ಮ ಬಾಲ್ಕನಿಯಲ್ಲಿ ಬಿಸಿಲಿನ ಜಾಗವೇ ಬದಲಾಗುತ್ತದೆ.

ಹೊಲದಲ್ಲಿ ಈ ಮಾತಿಗೆ ಅಷ್ಟು ಬೆಲೆ ಇಲ್ಲ, ಅಲ್ಲಿ ಬಿಸಿಲು ಎಲ್ಲೆಡೆಗೂ ಬೀಳುತ್ತದೆ. ನಾಲ್ಕನೇ ಮಹಡಿಯ ಹನ್ನೆರಡಡಿ ಬಾಲ್ಕನಿಯಲ್ಲಿ ಮಾತ್ರ ಎಲ್ಲವೂ ಇದರ ಮೇಲೇ ನಿಂತಿದೆ. ಜೂನ್‌ನಲ್ಲಿ ಚೆನ್ನಾಗಿದ್ದ ಮೆಣಸಿನ ಗಿಡ ಅಕ್ಟೋಬರಿನಲ್ಲಿ ಸೊರಗಿದರೆ ನಾವು ಗೊಬ್ಬರ ಹಾಕುತ್ತೇವೆ, ಔಷಧಿ ಹೊಡೆಯುತ್ತೇವೆ. ಗಿಡಕ್ಕೆ ಬೇಕಿದ್ದದ್ದು ಎರಡಡಿ ಆಚೆಯ ಜಾಗ. ನನಗೆ ಇದು ಅರ್ಥವಾಗಲು ಮೂರು ವರ್ಷ ಹಿಡಿಯಿತು. ಹಾಸನದ ಕಡೆಯಿಂದ ಬಂದಿದ್ದ ಅಮ್ಮ ಒಂದು ಬೆಳಗ್ಗೆ ಕಾಫಿ ಲೋಟ ಹಿಡಿದು ಬಾಲ್ಕನಿಯಲ್ಲಿ ನಿಂತು, "ಅಲ್ಲ ಕಣೋ, ಬಿಸ್ಲು ಅಲ್ಲಿ ಬಿದ್ದೈತೆ, ಗಿಡ ಇಲ್ಲಿ ಇಟ್ಟಿದೀಯಲ್ಲೋ" ಎಂದಳು. ಆ ಭಾನುವಾರವೇ ಸೀಮೆಸುಣ್ಣ ತಂದೆ.

ಮೊದಲ ಕೆಲಸ: ಸೀಮೆಸುಣ್ಣದ ಗೆರೆ

ಸೆಪ್ಟೆಂಬರಿನಲ್ಲಿ ಮೋಡ ಸರಿದ ಒಂದು ರಜೆಯ ದಿನ ಹುಡುಕಿಕೊಳ್ಳಿ. ಬೆಳಗ್ಗೆ ಎಂಟು, ಹತ್ತು, ಹನ್ನೆರಡು, ಮಧ್ಯಾಹ್ನ ಎರಡು, ನಾಲ್ಕು, ಈ ಐದು ಹೊತ್ತಿನಲ್ಲಿ ನೆಲದ ಮೇಲೆ ಬಿಸಿಲು ಎಲ್ಲಿಗೆ ನಿಂತಿದೆಯೋ ಅಲ್ಲಿ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆಯಿರಿ. ಫೋಟೊ ತೆಗೆದಿಟ್ಟುಕೊಳ್ಳಿ, ಗೆರೆ ಮಳೆಗೆ ತೊಳೆದುಹೋಗುತ್ತದೆ. ಯಾವ ಜಾಗಕ್ಕೆ ಎಷ್ಟು ಗಂಟೆ ನೇರ ಬಿಸಿಲು ಎಂಬುದು ಇಷ್ಟರಿಂದ ಸ್ಪಷ್ಟವಾಗುತ್ತದೆ.

ದಕ್ಷಿಣಕ್ಕೆ ಮುಖ ಮಾಡಿದ ಬಾಲ್ಕನಿಯವರಿಗೆ ಈ ಕಾಲ ಹಬ್ಬ. ಮೇಲಿನ ಮನೆಯ ಸ್ಲ್ಯಾಬು ನೆಲದಿಂದ ಒಂಬತ್ತಡಿ ಎತ್ತರದಲ್ಲಿದ್ದು, ಅಂಚಿಗೆ ಗೋಡೆಯ ಬದಲು ಕಂಬಿ ಇದೆ ಎಂದುಕೊಳ್ಳಿ. ಸೆಪ್ಟೆಂಬರ್ 23ರ ನಡುಮಧ್ಯಾಹ್ನ ಬಿಸಿಲು ಅಂಚಿನಿಂದ ಒಳಗೆ ಬರುವುದು ಸುಮಾರು ಎರಡಡಿ ಮಾತ್ರ. ಡಿಸೆಂಬರ್ 21ಕ್ಕೆ ಅದೇ ಬಿಸಿಲು ಆರೂವರೆ ಅಡಿ ಒಳಗೆ ಬರುತ್ತದೆ, ಹೆಚ್ಚುಕಡಿಮೆ ಹಾಲಿನ ಬಾಗಿಲವರೆಗೆ. ಆದ್ದರಿಂದ ಈಗ ಒಂದೇ ಸಾಲು ಕುಂಡ ಇಟ್ಟವರು ನವೆಂಬರಿನಲ್ಲಿ ಎರಡು, ಡಿಸೆಂಬರಿನಲ್ಲಿ ಮೂರು ಸಾಲು ಇಡಬಹುದು. ಎತ್ತರದ ಗಿಡ ಹಿಂದೆ, ಕುಳ್ಳ ಗಿಡ ಕಂಬಿಯ ಪಕ್ಕ. ಕಂಬಿಯ ಬದಲು ಮೂರೂವರೆ ಅಡಿಯ ಗಟ್ಟಿ ಗೋಡೆ ಇದ್ದರೆ ಗೋಡೆಯ ಬುಡದಲ್ಲಿ ನೆರಳು ಕೂರುತ್ತದೆ, ಅಲ್ಲಿ ಕುಂಡಗಳನ್ನು ಸ್ಟ್ಯಾಂಡಿನ ಮೇಲೋ ನಾಲ್ಕು ಇಟ್ಟಿಗೆಯ ಮೇಲೋ ಎತ್ತಿ ಇಡಬೇಕು.

ಉತ್ತರದ ಬಾಲ್ಕನಿಯವರಿಗೆ ನೇರ ಮಾತು ಹೇಳುವುದೇ ಒಳ್ಳೆಯದು. ಸೆಪ್ಟೆಂಬರ್ 23 ದಾಟಿದ ಮೇಲೆ ಮಾರ್ಚ್ ಮೂರನೇ ವಾರದವರೆಗೆ ಅಲ್ಲಿಗೆ ನೇರ ಬಿಸಿಲು ಬರುವುದಿಲ್ಲ. ಟೊಮೆಟೊ, ಬೀನ್ಸ್ ಎಂದು ಹಟ ಹಿಡಿಯಬೇಡಿ. ಪುದೀನ, ದೊಡ್ಡಪತ್ರೆ, ಒಂದೆಲಗ ಇಷ್ಟನ್ನು ಬೆಳಕಿನಲ್ಲೇ ಸಾಕಬಹುದು. ಟೆರೇಸಿನಲ್ಲಿ ಎರಡು ಗ್ರೋ ಬ್ಯಾಗ್ ಇಡಲು ಅಸೋಸಿಯೇಷನ್‌ನವರು ಒಪ್ಪುತ್ತಾರೋ ಕೇಳಿ. ಪೂರ್ವದ ಬಾಲ್ಕನಿಗೆ ಬೆಳಗಿನ ಬಿಸಿಲು ವರ್ಷವಿಡೀ ಇರುತ್ತದೆ, ಆದರೆ ಸೂರ್ಯ ಹುಟ್ಟುವ ಜಾಗ ದಕ್ಷಿಣಕ್ಕೆ ಸರಿಯುವುದರಿಂದ ಜೂನ್‌ನಲ್ಲಿ ಅಡ್ಡ ಬಾರದಿದ್ದ ಎದುರಿನ ಕಟ್ಟಡ ಈಗ ಅಡ್ಡ ಬರಬಹುದು. ಪಶ್ಚಿಮದ ಬಿಸಿಲು ಬೇಸಿಗೆಯಲ್ಲಿ ಗಿಡ ಸುಡುತ್ತದೆ, ಚಳಿಗಾಲದಲ್ಲಿ ಅದೇ ಬಿಸಿಲು ಹಿತ.

ಗಂಟೆಯ ಲೆಕ್ಕ ಹೀಗಿಟ್ಟುಕೊಳ್ಳಿ. ಕಾಯಿ ಬಿಡುವ ಗಿಡಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕೇ ಬೇಕು. ಗಡ್ಡೆಗೆ ನಾಲ್ಕೈದು, ಸೊಪ್ಪಿಗೆ ಮೂರು ಗಂಟೆ ಸಿಕ್ಕರೂ ನಡೆಯುತ್ತದೆ. ಜೂನಿಗೂ ಡಿಸೆಂಬರಿಗೂ ಬೆಂಗಳೂರಿನ ಹಗಲಿನಲ್ಲಿ ಸುಮಾರು ಒಂದೂವರೆ ಗಂಟೆಯ ವ್ಯತ್ಯಾಸವಿದೆ, ಹಾಗಾಗಿ ಚಳಿಗಾಲದಲ್ಲಿ ಎಲ್ಲ ಬೆಳೆಯೂ ಪ್ಯಾಕೆಟ್ ಮೇಲೆ ಬರೆದದ್ದಕ್ಕಿಂತ ವಾರ ಹತ್ತು ದಿನ ತಡ. ಅದನ್ನು ರೋಗವೆಂದು ತಿಳಿಯಬೇಡಿ.

ಮಳೆಗಾಲದ ಗಿಡಗಳಲ್ಲಿ ಯಾವುದು ಇರಲಿ, ಯಾವುದು ಹೋಗಲಿ

ಇದನ್ನು ಉತ್ತರೆ ಮಳೆಯ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ಮಧ್ಯದಿಂದ ಕೊನೆಯೊಳಗೆ ಮುಗಿಸಬೇಕು. ಕರುಣೆಯಿಂದ ಎಲ್ಲವನ್ನೂ ಉಳಿಸಿಕೊಂಡರೆ ಹೊಸದಕ್ಕೆ ಜಾಗವೂ ಇರುವುದಿಲ್ಲ, ಹಳೆಯ ಗಿಡದ ಹುಳ ಹೊಸ ಸಸಿಗೆ ಹತ್ತುತ್ತದೆ.

ಸೌತೆ, ಹೀರೆ, ಸೋರೆ ಬಳ್ಳಿಗಳ ಎಲೆ ಮೇಲೆ ಬೂದಿ ಎರಚಿದ ಹಾಗೆ ಕಾಣುತ್ತಿದ್ದರೆ ಬುಡಸಮೇತ ತೆಗೆಯಿರಿ, ಅವುಗಳ ಕಾಲ ಮುಗಿದಿದೆ. ಬೆಂಡೆ ಗಿಡ ಆಳೆತ್ತರ ಬೆಳೆದು ತುದಿಯಲ್ಲಿ ಒಂದೊಂದು ಕಾಯಿ ಬಿಡುತ್ತಿದ್ದರೆ, ಕೊನೆಯ ಎರಡು ಕಾಯಿಗಳನ್ನು ಗಿಡದಲ್ಲೇ ಒಣಗಲು ಬಿಟ್ಟು ಬೀಜ ಮಾಡಿಕೊಳ್ಳಿ. ನಮ್ಮಜ್ಜಿ ಬೀಜವನ್ನು ಒಲೆಯ ಬೂದಿಯಲ್ಲಿ ಹೊರಳಿಸಿ ಮಡಕೆಯಲ್ಲಿಡುತ್ತಿದ್ದಳು. ನಾನು ನೆರಳಲ್ಲಿ ಚೆನ್ನಾಗಿ ಒಣಗಿಸಿ, ಕಾಗದದ ಕವರಿನಲ್ಲಿ ಹಾಕಿ, ತಿಂಗಳು ಬರೆದು ಡಬ್ಬಿಯಲ್ಲಿ ಇಡುತ್ತೇನೆ.

ಮೆಣಸಿನ ಗಿಡವನ್ನು ಮಾತ್ರ ಕಿತ್ತು ಹಾಕಬೇಡಿ. ಕಾಂಡ ಗಟ್ಟಿಯಿದ್ದರೆ ಮೂರರಲ್ಲಿ ಒಂದು ಭಾಗ ಕತ್ತರಿಸಿ, ಒಳಮುಖವಾಗಿ ಬೆಳೆದ ರೆಂಬೆ ತೆಗೆದು, ಮೇಲಿನ ಎರಡಿಂಚು ಮಣ್ಣು ಕೆದಕಿ ಹೊಸ ಗೊಬ್ಬರ ತುಂಬಿಸಿ. ಮೂರು ವಾರದಲ್ಲಿ ಚಿಗುರುತ್ತದೆ, ಚಳಿಗಾಲ ಪೂರ್ತಿ ಒಗ್ಗರಣೆಗೆ ಕಾಯಿ ಕೊಡುತ್ತದೆ. ಬದನೆಯೂ ಹಾಗೇ. ಬುಡದಿಂದ ಒಂದು ಗೇಣು ಬಿಟ್ಟು ಕತ್ತರಿಸಿದರೆ ಹೊಸ ಗಿಡದ ಹಾಗೆ ಎದ್ದು ಬರುತ್ತದೆ. ಎಲೆ ಮುದುರಿ ಚಿಕ್ಕದಾದ ಗಿಡಕ್ಕೆ ಈ ಉಪಚಾರ ಬೇಡ. ಎಲೆ ಮುಟುರು ರೋಗ ವೈರಸ್ಸಿನದಾದರೆ ಔಷಧಿಯಿಲ್ಲ, ಅದನ್ನು ಹರಡುವ ಬಿಳಿ ನೊಣ ಪಕ್ಕದ ಕುಂಡಕ್ಕೆ ಹಾರುವ ಮೊದಲು ಗಿಡವನ್ನು ಕವರಿನಲ್ಲಿ ಕಟ್ಟಿ ಹೊರಹಾಕಿ.

ಟೊಮೆಟೊ ಗಿಡ ಕೆಳಗೆಲ್ಲ ಒಣಗಿ ತುದಿ ಮಾತ್ರ ಹಸಿರಾಗಿದ್ದರೆ, ಎಲೆ ಕಂಕುಳಿನ ಚಿಗುರು ಒಂದು ಗೇಣು ಉದ್ದದ್ದು ಮುರಿದು ನೀರಿನ ಲೋಟದಲ್ಲಿಡಿ. ಎಂಟು ಹತ್ತು ದಿನದಲ್ಲಿ ಬಿಳಿ ಬೇರು ಬಿಡುತ್ತದೆ. ಬೀಜದಿಂದ ಸಸಿ ಮಾಡುವ ಒಂದು ತಿಂಗಳು ಉಳಿಯುತ್ತದೆ. ಗಿಡ ರೋಗವಿಲ್ಲದ್ದಾಗಿರಬೇಕು, ಅಷ್ಟೇ.

ಕುಂಡ ಬಗ್ಗಿಸಿ ಮಣ್ಣನ್ನು ಓದಿ

ಇದು ಕೈ ಕೊಳೆಯಾಗುವ ಕೆಲಸ. ನನಗೆ ವರ್ಷದಲ್ಲಿ ಇಷ್ಟವಾದ ಕೆಲಸವೂ ಇದೇ. ಹಳೆಯ ಸೀರೆಯೋ ಟಾರ್ಪಾಲೋ ಹಾಸಿ ಖಾಲಿಯಾದ ಕುಂಡವನ್ನು ಅದರ ಮೇಲೆ ಬೋರಲು ಹಾಕಿ, ಬುಡಕ್ಕೆ ಎರಡು ಏಟು ಕೊಡಿ. ಮಣ್ಣು ಇಡ್ಲಿಯ ಹಾಗೆ ಇಡಿಯಾಗಿ ಜಾರುತ್ತದೆ.

ಆತುರ ಬೇಡ, ನೋಡಿ. ಮೇಲೆ ಹಸಿರು ಪಾಚಿಯ ಪದರ ಇದ್ದರೆ ಮೂರು ತಿಂಗಳು ಮೇಲ್ಭಾಗ ಒಣಗಲೇ ಇಲ್ಲ ಎಂದರ್ಥ. ಬಿಳಿ ಪೊರೆ ಕಟ್ಟಿದ್ದರೆ ಅದು ಬೋರ್‌ವೆಲ್ ನೀರಿನ ಉಪ್ಪು. ಎರಡನ್ನೂ ಕೆರೆದು ತೆಗೆಯಿರಿ. ನಡುವೆ ಬೇರು ಹೆಚ್ಚಿಲ್ಲದೆ ಮಣ್ಣು ಇಟ್ಟಿಗೆಯಂತೆ ಕೂತಿದ್ದರೆ ಮಳೆ ಹೊಡೆತಕ್ಕೆ ಗಟ್ಟಿಯಾಗಿದೆ. ತಳದಲ್ಲಿ ಬೇರು ಸುರುಳಿ ಸುತ್ತಿ ಚಾಪೆ ಹೆಣೆದಿದ್ದರೆ ಆ ಗಿಡಕ್ಕೆ ಕುಂಡ ಚಿಕ್ಕದಾಗಿತ್ತು. ಕೊಳೆತ ವಾಸನೆ ಬಂದರೆ ತೂತು ಮುಚ್ಚಿದೆ, ಒಂದು ಕಡ್ಡಿಯಿಂದ ಚುಚ್ಚಿ ಬಿಡಿಸಿ.

ಮಣ್ಣು ಪುಡಿ ಮಾಡುವಾಗ ಬೆರಳಿಗೆ ಮೆತ್ತಗೆ ಏನಾದರೂ ತಾಗಿದರೆ ಅದು ಗೊಣ್ಣೆಹುಳು ಇರಬಹುದು. ಬೆಣ್ಣೆಯ ಬಣ್ಣ, ಕೆಂಚು ತಲೆ, ಅರ್ಧಚಂದ್ರದ ಹಾಗೆ ಮುದುರಿಕೊಂಡಿರುತ್ತದೆ. ಬೇರು ತಿಂದು ಗಿಡವನ್ನು ನಿಂತಲ್ಲೇ ಬಾಡಿಸುವುದು ಇದೇ. ಆರಿಸಿ ತೆಗೆಯಿರಿ. ಬೇರಿನಲ್ಲಿ ಸಾಸಿವೆಯಿಂದ ಕಡಲೆಕಾಳಿನವರೆಗಿನ ಗಂಟುಗಳು ಕಂಡರೆ ಜಂತುಹುಳುವಿನ (ಬೇರಿಗೆ ಹತ್ತುವ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳು, ನೆಮಟೋಡ್) ಕಾಟ. ಆ ಬೇರನ್ನು ಕಾಂಪೋಸ್ಟಿಗೆ ಹಾಕದೆ ಕಸಕ್ಕೆ ಹಾಕಿ, ಆ ಮಣ್ಣಿನಲ್ಲಿ ಈ ಸಲ ಚೆಂಡುಹೂವಿನ ಗಿಡ ಇಡಿ. ಚೆಂಡುಹೂವಿನ ಬೇರು ಜಂತುಹುಳುವನ್ನು ಹತ್ತಿಕ್ಕುತ್ತದೆ. ಹುರುಳಿಕಾಯಿ, ಅವರೆಯ ಬೇರಲ್ಲೂ ಗಂಟು ಇರುತ್ತವೆ, ಅದು ಬೇರೆ. ಬೇರಿನ ಪಕ್ಕಕ್ಕೆ ಅಂಟಿದ ಹಾಗಿದ್ದು ಉಗುರಿನಿಂದ ಸುಲಭವಾಗಿ ಉದುರುತ್ತದೆ, ಒಡೆದರೆ ಒಳಗೆ ನಸುಗೆಂಪು. ಅದು ಸಾರಜನಕ ಕಟ್ಟುವ ಗಂಟು, ಮಣ್ಣಿಗೆ ಸೇರಿಸಿಬಿಡಿ.

ಪುಡಿ ಮಾಡಿದ ಮಣ್ಣನ್ನು ಬಿಸಿಲು ಸಿಕ್ಕ ಮೂರ್ನಾಲ್ಕು ದಿನ ಹರಡಿ, ರಾತ್ರಿ ಮುಚ್ಚಿಡಿ. ಆಮೇಲೆ ಮೂರು ಪಾಲು ಹಳೆ ಮಣ್ಣಿಗೆ ಒಂದು ಪಾಲು ಎರೆಗೊಬ್ಬರ ಅಥವಾ ಮನೆಯ ಹಸಿಕಸದ ಕಾಂಪೋಸ್ಟು, ಹನ್ನೆರಡಿಂಚಿನ ಕುಂಡಕ್ಕೆ ಒಂದು ಹಿಡಿಯಂತೆ ಬೇವಿನ ಹಿಂಡಿ. ಮಣ್ಣು ಜಿಗುಟಾಗಿದ್ದರೆ ಅರ್ಧ ಪಾಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಸೇರಿಸಿ. ನೀರು ಚಿಮುಕಿಸಿ ಒಂದು ವಾರ ಹಾಗೇ ಬಿಡಿ. ಹಿಂಡಿ ಹಾಕಿದ ಮಾರನೇ ದಿನ ಬಿತ್ತಿದರೆ ಅದು ಕೊಳೆಯುವ ಬಿಸಿಗೆ ಬೀಜ ಹಾಳಾಗುತ್ತದೆ. ಹೊಸ ಕುಂಡ ತುಂಬುವವರು ಕೆಮ್ಮಣ್ಣು, ಗೊಬ್ಬರ, ಕೊಕೊಪೀಟ್ ಸಮಸಮ ತೆಗೆದುಕೊಳ್ಳಿ.

ಕೊಕೊಪೀಟ್ ಬಗ್ಗೆ ಒಂದು ಎಚ್ಚರಿಕೆ. ಒಂದು ವರ್ಷ ನರ್ಸರಿಯೊಂದರಿಂದ ತಂದ ರೆಡಿ ಮಣ್ಣಿನ ಚೀಲದಲ್ಲಿ ತೊಳೆಯದ ನಾರಿನ ಪುಡಿಯೇ ಅರ್ಧಕ್ಕಿಂತ ಹೆಚ್ಚಿತ್ತು. ಎಂಟು ಟೊಮೆಟೊ ಸಸಿಗಳ ಎಲೆಯಂಚು ಹತ್ತು ದಿನದಲ್ಲಿ ಸುಟ್ಟ ಕಾಗದದಂತಾಯಿತು. ನಾರಿನಲ್ಲಿ ಉಪ್ಪು ಉಳಿದಿರುತ್ತದೆ. ಇಟ್ಟಿಗೆಯ ರೂಪದಲ್ಲಿ ಬರುವ ಕೊಕೊಪೀಟನ್ನು ಬಕೆಟ್ಟಿನಲ್ಲಿ ನೆನೆಸಿ, ಹಿಂಡಿ, ಎರಡು ಮೂರು ಸಲ ನೀರು ಚೆಲ್ಲಿ. ಮೊದಲ ನೀರು ಕಾಫಿ ಡಿಕಾಕ್ಷನ್ ಬಣ್ಣದಲ್ಲಿರುತ್ತದೆ. ಅದು ತಿಳಿಯಾಗುವವರೆಗೆ ತೊಳೆಯಿರಿ.

ತೂಕವನ್ನೂ ನೆನಪಿಡಿ. ಬರೀ ಕೆಮ್ಮಣ್ಣು ತುಂಬಿದ ಹನ್ನೆರಡಿಂಚಿನ ಕುಂಡ ನೀರು ಕುಡಿದಾಗ ಇಪ್ಪತ್ತು ಕೆ.ಜಿ. ದಾಟುತ್ತದೆ. ಹಗುರ ಮಿಶ್ರಣವೇ ಬಾಲ್ಕನಿಗೆ ಸರಿ. ಕಂಬಿಯ ಹೊರಗೆ, ಗೋಡೆಯ ನೆತ್ತಿಯ ಮೇಲೆ ಕುಂಡ ಇಡಲೇಬೇಡಿ. ಕೆಳಗೆ ಮಕ್ಕಳು ಆಡುತ್ತಿರುತ್ತಾರೆ.

ಬಿತ್ತನೆ: ಹಸ್ತೆಯಿಂದ ಸ್ವಾತಿಯವರೆಗೆ (ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮೊದಲ ವಾರದವರೆಗೆ)

ಸೆಪ್ಟೆಂಬರ್, ಅಕ್ಟೋಬರ್ ಬೆಂಗಳೂರಿನಲ್ಲಿ ವರ್ಷದ ಅತಿ ಹೆಚ್ಚು ಮಳೆಯ ತಿಂಗಳುಗಳು. ಜೂನ್ ಜುಲೈನ ತುಂತುರಿಗಿಂತ ಈ ಸಂಜೆಯ ಗುಡುಗು ಮಳೆ ಜೋರು. ಆದ್ದರಿಂದ ಬಿತ್ತನೆ ಮಳೆಗೆ ತಗಲದ ಜಾಗದಲ್ಲಿ ಶುರುವಾಗಲಿ.

ಮೆಂತ್ಯದಿಂದ ಆರಂಭಿಸಿ. ಅಡುಗೆಮನೆಯ ಡಬ್ಬಿಯ ಮೆಂತ್ಯವೇ ಸಾಕು. ರಾತ್ರಿ ನೆನೆಸಿ, ಆರಿಂಚು ಆಳದ ಅಗಲ ಟ್ರೇಯಲ್ಲಿ ಕಾಳಿಗೆ ಕಾಳು ತಾಗದಷ್ಟು ಅಂತರದಲ್ಲಿ ಚೆಲ್ಲಿ, ಅರ್ಧ ಬೆರಳು ಮಣ್ಣು ಮುಚ್ಚಿ. ನಾಲ್ಕನೇ ದಿನಕ್ಕೆ ಮೊಳಕೆ, ಇಪ್ಪತ್ತೈದನೇ ದಿನಕ್ಕೆ ಕಟ್ಟು ಸೊಪ್ಪು. ಕೈತೋಟ ಹೊಸದಾಗಿ ಮಾಡುವವರಿಗೆ ಇದು ಧೈರ್ಯ ಕೊಡುವ ಬೆಳೆ.

ಕೊತ್ತಂಬರಿಯಲ್ಲಿ ಬಹಳ ಜನ ಸೋಲುತ್ತಾರೆ, ಸೋಲುವ ಕಾರಣ ಎರಡೇ. ಒಂದು, ಧನಿಯದ ಉಂಡೆಯೊಳಗೆ ಎರಡು ಬೀಜಗಳಿವೆ, ಅದನ್ನು ಬಿಡಿಸದೆ ಬಿತ್ತುತ್ತಾರೆ. ಲಟ್ಟಣಿಗೆಯನ್ನು ಹಗುರವಾಗಿ ಹೊರಳಿಸಿ. 'ಚಟ್' ಎಂದು ಎರಡು ಹೋಳಾದರೆ ಸಾಕು, ಪುಡಿಯಾಗಬಾರದು. ರಾತ್ರಿಯೆಲ್ಲ ನೆನೆಸಿ ಬಟ್ಟೆಯಲ್ಲಿ ಆರಿಸಿ ಬಿತ್ತಿ. ಎರಡನೆಯದು ಅವಸರ. ಮೊಳಕೆಗೆ ಎಂಟರಿಂದ ಹನ್ನೆರಡು ದಿನ ಬೇಕು, ಆರನೇ ದಿನಕ್ಕೇ ಮಣ್ಣು ಕೆದಕಿ ನೋಡುವವರೇ ಹೆಚ್ಚು. ಬೇಸಿಗೆಯಲ್ಲಿ ಕೊತ್ತಂಬರಿ ಬೇಗ ಹೂವಿಗೆ ಹೋಗುತ್ತದೆ. ಅಕ್ಟೋಬರಿನಿಂದ ಜನವರಿ ಅದರ ಸುಖದ ಕಾಲ. ಒಂದೇ ಸಲ ನಾಲ್ಕು ಟ್ರೇ ಬಿತ್ತದೆ ಹತ್ತು ದಿನಕ್ಕೊಂದು ಟ್ರೇ ಬಿತ್ತುತ್ತಾ ಬನ್ನಿ. ಒಂದು ಕತ್ತರಿಸುವಾಗ ಇನ್ನೊಂದು ಬೆಳೆಯುತ್ತಿರುತ್ತದೆ. ಸೊಪ್ಪಿನ ತೋಟದ ಗುಟ್ಟೆಲ್ಲ ಈ ಸರದಿಯಲ್ಲಿದೆ.

ಸಬ್ಬಸಿಗೆಗೂ ಈ ತಂಪೇ ಬೇಕು, ಮೂವತ್ತೈದು ನಲವತ್ತು ದಿನದಲ್ಲಿ ಅಕ್ಕಿ ರೊಟ್ಟಿಗೆ ಸಿಗುತ್ತದೆ. ಪಾಲಕ್, ಚಕ್ಕೋತ ಸೊಪ್ಪು ಕೂಡ ಈಗಲೇ. ದಂಟು, ಹರಿವೆ, ಬಸಳೆ ಬೆಚ್ಚಗಿನ ಕಾಲದವು. ನವೆಂಬರ್ ಕೊನೆಗೆ ನಿಧಾನವಾಗುತ್ತವೆ. ದಂಟನ್ನು ಅಕ್ಟೋಬರ್ ಮೊದಲ ವಾರದೊಳಗೆ ಕೊನೆಯ ಸಲ ಬಿತ್ತಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ಎಂಬ ಹರಿವೆಯನ್ನು ಕತ್ತರಿಸಿದಷ್ಟೂ ಚಿಗುರುತ್ತದೆ, ಜಾಗ ಕಡಿಮೆಯಿರುವವರಿಗೆ ಅನುಕೂಲ.

ಮೂಲಂಗಿ ಹತ್ತಿಂಚಿನ ಆಳದಲ್ಲಿ ನಲವತ್ತೈದು ದಿನ, ನವಿಲುಕೋಸು ಎರಡು ತಿಂಗಳು, ಕ್ಯಾರೆಟ್ ಮೂರು ತಿಂಗಳು. ಕ್ಯಾರೆಟ್ ಮತ್ತು ಮೂಲಂಗಿಯನ್ನು ಸಸಿ ಮಾಡಿ ನೆಡಬೇಡಿ, ಬೇರು ಕವಲೊಡೆಯುತ್ತದೆ. ಇರುವ ಜಾಗದಲ್ಲೇ ಬಿತ್ತಿ, ಎರಡೆಲೆ ಬಂದ ಮೇಲೆ ಮನಸ್ಸು ಗಟ್ಟಿ ಮಾಡಿ ತೆಳು ಮಾಡಿ. ಕಿತ್ತ ಮೂಲಂಗಿ ಸಸಿ ಪಲ್ಯಕ್ಕೆ ರುಚಿ.

ಹುರುಳಿಕಾಯಿಯಲ್ಲಿ ಕುಳ್ಳ ತಳಿ ಆರಿಸಿಕೊಳ್ಳಿ. ಹನ್ನೆರಡಿಂಚಿನ ಕುಂಡಕ್ಕೆ ಮೂರು ಗಿಡ, ಐವತ್ತನೇ ದಿನಕ್ಕೆ ಮೊದಲ ಕಾಯಿ. ಬೀಜವನ್ನು ನೆನೆಸಬೇಡಿ, ಒದ್ದೆ ಮಣ್ಣಿನಲ್ಲಿ ಕೊಳೆಯುತ್ತದೆ. ಟೊಮೆಟೊಗೆ ಚಳಿಗಾಲದ ರಾತ್ರಿಗಳು ಬಹಳ ಒಗ್ಗುತ್ತವೆ. ರಾತ್ರಿಯ ಉಷ್ಣಾಂಶ 15ರಿಂದ 20 ಡಿಗ್ರಿ ಇದ್ದಾಗ ಹೂವು ಉದುರದೆ ಕಾಯಿ ಕಟ್ಟುತ್ತದೆ. ಅರ್ಕಾ ರಕ್ಷಕ್ ತಳಿಗೆ ಎಲೆ ಮುಟುರು ವೈರಸ್, ದುಂಡಾಣು ಸೊರಗು ರೋಗ, ಎಲೆ ಅಂಗಮಾರಿ ಮೂರನ್ನೂ ತಾಳುವ ಗುಣವಿದೆ. ಅದು ಹೈಬ್ರಿಡ್, ಅದರ ಹಣ್ಣಿನಿಂದ ಬೀಜ ಎತ್ತಿಟ್ಟುಕೊಂಡರೆ ಮುಂದಿನ ಗಿಡ ಹಾಗೇ ಬರುವುದಿಲ್ಲ. ಬಾಲ್ಕನಿಯಲ್ಲಿ ಗಾಳಿ ಕಡಿಮೆ, ಜೇನು ಬರುವುದು ಅಪರೂಪ. ಬೆಳಗ್ಗೆ ಒಂಬತ್ತು ಹತ್ತು ಗಂಟೆಗೆ ಹೂಗೊಂಚಲಿನ ತೊಟ್ಟಿಗೆ ಬೆರಳಿನಿಂದ ಮೆಲ್ಲಗೆ ಚಿಟಿಕೆ ಹೊಡೆಯಿರಿ, ಪರಾಗ ಉದುರಿ ಕಾಯಿ ಕಚ್ಚುತ್ತದೆ. ಟೊಮೆಟೊ, ಬದನೆ, ಮೆಣಸಿನಕಾಯಿ ಒಂದೇ ಕುಲದವು. ಇವುಗಳಲ್ಲಿ ಒಂದನ್ನು ಬೆಳೆದ ಮಣ್ಣಿಗೆ ಮತ್ತೆ ಅದೇ ಕುಲದ್ದನ್ನು ಹಾಕದೆ ಈ ಸಲ ಮೆಂತ್ಯವೋ ಹುರುಳಿಕಾಯಿಯೋ ಬಿತ್ತಿ.

ಇನ್ನು ಅವರೆ. ಬಾಲ್ಕನಿಯಲ್ಲಿ ಅವರೆಯೇ ಎಂದು ಕೇಳುವವರಿದ್ದಾರೆ. ಆಗುತ್ತದೆ. ನಾಡ ಅವರೆ ಹಗಲು ಕಿರಿದಾಗದೆ ಹೂ ಬಿಡುವುದಿಲ್ಲ. ಜೂನ್ ಜುಲೈನಲ್ಲಿ ಬಿತ್ತಿದರೂ ಅದು ಕಾರ್ತಿಕಕ್ಕೇ ಕಾಯುತ್ತದೆ, ಅಷ್ಟರಲ್ಲಿ ಬಳ್ಳಿ ನಿಮ್ಮ ಕಿಟಕಿ ಮುಚ್ಚಿರುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ–3, ಹೆಬ್ಬಾಳ ಅವರೆ–4, ಹೆಸರಘಟ್ಟದ ಅರ್ಕಾ ಜಯ್, ಅರ್ಕಾ ವಿಜಯ್ ತಳಿಗಳು ಹಗಲಿನ ಉದ್ದಕ್ಕೆ ಕಾಯದ ಕುಳ್ಳ ಗಿಡಗಳು. ಹದಿನಾಲ್ಕಿಂಚಿನ ಕುಂಡಕ್ಕೆ ಎರಡು ಗಿಡದಂತೆ ಸೆಪ್ಟೆಂಬರ್ ಕೊನೆಗೆ ಬಿತ್ತಿದರೆ ಡಿಸೆಂಬರಿನಲ್ಲಿ ಕಾಯಿ. ನಾಲ್ಕು ಕುಂಡದಿಂದ ಒಂದು ಹೊತ್ತಿನ ಉಪ್ಪಿಟ್ಟಿಗಾಗುವಷ್ಟು ಕಾಳು ಬಂದರೆ ಹೆಚ್ಚು. ಆದರೂ ನಾನು ಪ್ರತಿ ವರ್ಷ ಹಾಕುತ್ತೇನೆ. ಚಳಿಯ ಬೆಳಗ್ಗೆ ಕಾಯಿ ಮುಟ್ಟಿದ ಬೆರಳಿಗೆ ಅಂಟುವ ಆ ಎಣ್ಣೆಯ ಸೊಗಡಿಗೆ ಯಾವ ಮಾರುಕಟ್ಟೆಯ ಅವರೆಯೂ ಸಮನಲ್ಲ.

ನೀರು ಕಡಿಮೆ ಮಾಡುವುದು ಹೇಗೆ

ಹೊರಗೆ ಧಾರಾಕಾರ ಮಳೆ, ಬಾಲ್ಕನಿಯ ಒಳಸಾಲಿನ ಕುಂಡ ಮಾತ್ರ ಒಣಗಿ ಕಲ್ಲಾಗಿರುತ್ತದೆ. ಮಳೆ ಬಂತೆಂದು ನೀರು ನಿಲ್ಲಿಸಬೇಡಿ, ಬೆರಳು ಕೇಳಿ. ಬೆರಳಿನ ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಚುಚ್ಚಿ. ತುದಿಗೆ ತಂಪು ಹತ್ತಿ ಮಣ್ಣು ಅಂಟಿಕೊಂಡರೆ ಇವತ್ತು ನೀರು ಬೇಡ. ಅಕ್ಟೋಬರಿನಲ್ಲಿ ಸೊಪ್ಪಿನ ಟ್ರೇಗೆ ದಿನ ಬಿಟ್ಟು ದಿನ, ದೊಡ್ಡ ಕುಂಡಕ್ಕೆ ಮೂರು ದಿನಕ್ಕೊಮ್ಮೆ ಸಾಕಾಗಬಹುದು. ನವೆಂಬರಿನಲ್ಲಿ ಈಶಾನ್ಯದ ಒಣಗಾಳಿ ಬೀಸತೊಡಗಿದರೆ ಚಳಿಯಿದ್ದರೂ ಮಣ್ಣು ಬೇಗ ಒಣಗುತ್ತದೆ. ಆಗ ತರಗೆಲೆಯನ್ನೋ ತೆಂಗಿನ ನಾರನ್ನೋ ಬುಡಕ್ಕೆ ಹೊದಿಸಿ.

ಸಂಜೆಯ ಬದಲು ಬೆಳಗ್ಗೆ ನೀರು ಹಾಕಿ, ಎಲೆಗೆ ಬೇಡ, ಬುಡಕ್ಕೆ. ರಾತ್ರಿಯಿಡೀ ಒದ್ದೆಯಾದ ಎಲೆಯ ಮೇಲೆ ಬೂಷ್ಟು ಬೆಳೆಯುತ್ತದೆ. ಅಕ್ಕಚ್ಚು, ತರಕಾರಿ ತೊಳೆದ ನೀರು ಎಲ್ಲ ಒಳ್ಳೆಯದೇ, ಉಪ್ಪು ಹಾಕಿದ್ದು ಮಾತ್ರ ಬೇಡ. ಕುಡಿಯುವ ನೀರಿನ ಫಿಲ್ಟರಿನಿಂದ ಹೊರಹೋಗುವ ನೀರಿನಲ್ಲಿ ಲವಣ ಹೆಚ್ಚು. ಅದನ್ನು ನೆಲ ಒರೆಸಲು ಇಟ್ಟುಕೊಳ್ಳಿ. ಬೋರ್‌ವೆಲ್ ನೀರೇ ಗತಿ ಎನ್ನುವವರು ಈ ಎರಡು ತಿಂಗಳಲ್ಲಿ ಮಳೆ ನೀರನ್ನು ಬಕೆಟ್ಟಿಗೆ ಹಿಡಿದು, ಪ್ರತಿ ಕುಂಡಕ್ಕೂ ಒಂದು ಸಲ ತಳದಿಂದ ಹರಿಯುವಷ್ಟು ಹಾಕಿದರೆ ಬೇಸಿಗೆಯಿಂದ ಕೂತ ಉಪ್ಪು ತೊಳೆದುಹೋಗುತ್ತದೆ. ಹಿಡಿದ ನೀರನ್ನು ಬಟ್ಟೆ ಕಟ್ಟಿ ಮುಚ್ಚಿಡಿ.

ತಳದ ತಟ್ಟೆಯ ನೀರಿನ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಂಥ ತಿಳಿನೀರಿನಲ್ಲೇ ಮೊಟ್ಟೆಯಿಟ್ಟು ಎಂಟು ಹತ್ತು ದಿನದಲ್ಲಿ ಹಾರುತ್ತದೆ. ಮೊಟ್ಟೆ ತಟ್ಟೆಯ ಗೋಡೆಗೆ ಅಂಟಿರುವುದರಿಂದ ಚೆಲ್ಲಿದರಷ್ಟೇ ಸಾಲದು. ವಾರಕ್ಕೊಮ್ಮೆ, ಭಾನುವಾರ ಎಂದಿಟ್ಟುಕೊಳ್ಳಿ, ನಾರಿನಿಂದ ಉಜ್ಜಿ ಬೋರಲು ಹಾಕಿ. ಕೆಳಗಿನ ಮನೆಯ ಆಂಟಿ ಬಟ್ಟೆ ಒಣಹಾಕಿರುವ ಹೊತ್ತು ನೋಡಿಕೊಂಡು ನೀರು ಹಾಕಿ. ಮೊದಲ ಕಟ್ಟು ಮೆಂತ್ಯ ಅವರಿಗೇ ಕೊಡಿ.

ಹುಳ, ರೋಗ, ಪಾರಿವಾಳ

ದಿನವೂ ಐದು ನಿಮಿಷ ಎಲೆ ತಿರುವಿ ಅಡಿಭಾಗ ನೋಡುವುದಕ್ಕಿಂತ ದೊಡ್ಡ ಔಷಧಿಯಿಲ್ಲ. ಹತ್ತಿಯಂಥ ಬಿಳಿ ಗುಪ್ಪೆ ಹಿಟ್ಟು ತಿಗಣೆ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಒರೆಸಿ. ಚಿಗುರಿನಲ್ಲಿ ಗುಂಪುಗಟ್ಟಿದ ಹಸಿರು ಕಪ್ಪು ಚುಕ್ಕಿಗಳು ಹೇನು, ನೀರನ್ನು ರಭಸವಾಗಿ ಚಿಮ್ಮಿಸಿದರೆ ಅರ್ಧ ಹೋಗುತ್ತವೆ. ಎಲೆಯೊಳಗೆ ಬಿಳಿ ಗೆರೆ ಎಳೆದಂತಿದ್ದರೆ ರಂಗೋಲಿ ಹುಳು, ಆ ಎಲೆ ಚಿವುಟಿ ಹಾಕಿ. ಬಸವನ ಹುಳುವನ್ನು ರಾತ್ರಿ ಎಂಟರ ಮೇಲೆ ಟಾರ್ಚ್ ಹಿಡಿದು ಆರಿಸಬೇಕು, ಬೇರೆ ದಾರಿಯಿಲ್ಲ.

ಒಂದು ಲೀಟರ್ ನೀರಿಗೆ ಐದು ಎಂ.ಎಲ್. ಬೇವಿನ ಎಣ್ಣೆ, ಎಣ್ಣೆ ನೀರಲ್ಲಿ ಬೆರೆಯಲು ಅಂಟುವಾಳದ ಕಾಯಿ ನೆನೆಸಿದ ನೀರು ಸ್ವಲ್ಪ. ಸಂಜೆ ಬಿಸಿಲು ಇಳಿದ ಮೇಲೆ ಎಲೆಯ ಎರಡೂ ಬದಿಗೆ ಸಿಂಪಡಿಸಿ, ವಾರಕ್ಕೊಮ್ಮೆ ಮೂರು ವಾರ. ಬಿಸಿಲಿನಲ್ಲಿ ಹೊಡೆದರೆ ಎಲೆ ಸುಡುತ್ತದೆ. ಬೂದಿ ರೋಗಕ್ಕೆ ಹುಳಿ ಮಜ್ಜಿಗೆ ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ಹೊಡೆಯಿರಿ, ಆರಂಭದಲ್ಲೇ ಆದರೆ ಹಿಡಿತಕ್ಕೆ ಬರುತ್ತದೆ. ಮೊಳಕೆಯ ಸಸಿಗಳು ಬುಡದಲ್ಲಿ ಕೊಳೆತು ಒಂದೊಂದಾಗಿ ಮಲಗಿದರೆ ತೇವ ಹೆಚ್ಚಾಗಿದೆ. ಆ ಜಾಗದ ಮಣ್ಣು ತೆಗೆದು, ಟ್ರೇಯನ್ನು ಗಾಳಿಯಾಡುವ ಕಡೆಗೆ ಸರಿಸಿ.

ಪಾರಿವಾಳ ಬೇರೆಯೇ ಕಷ್ಟ. ಹೊಸದಾಗಿ ಕೆದಕಿದ ಮಣ್ಣು ಕಂಡರೆ ಬಂದು ಕೂರುತ್ತದೆ, ಮೊಳಕೆ ತಿನ್ನುತ್ತದೆ, ಸಸಿ ಕೀಳುತ್ತದೆ. ಬಾಲ್ಕನಿಗೆ ಬಲೆ ಹಾಕಿಸದವರು ಬಿತ್ತಿದ ಟ್ರೇಯ ಮೇಲೆ ಹಣ್ಣಿನ ಪ್ಲಾಸ್ಟಿಕ್ ಬುಟ್ಟಿಯನ್ನು ಬೋರಲು ಹಾಕಿ ಮೇಲೊಂದು ಕಲ್ಲಿಡಿ. ಬೆಳಕು, ನೀರು ಎರಡೂ ಒಳಗೆ ಹೋಗುತ್ತವೆ. ಸಸಿ ನಾಲ್ಕಿಂಚು ಆದ ಮೇಲೆ ತೆಗೆಯಬಹುದು.

ದೀಪಾವಳಿಯ ನಂತರ

ಅಕ್ಟೋಬರ್ ಕೊನೆ, ನವೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾದರೆ ಬೆಂಗಳೂರಿಗೆ ಎರಡು ಮೂರು ದಿನ ಬಿಡದೆ ಜಡಿಮಳೆ ಹಿಡಿಯುತ್ತದೆ. ಮುನ್ಸೂಚನೆ ಕಂಡ ದಿನವೇ ಸಸಿ ಟ್ರೇಗಳನ್ನು ಒಳಗೆ ಎಳೆಯಿರಿ, ಟೊಮೆಟೊಗೆ ಕೋಲು ಕಟ್ಟಿ, ಗೊಬ್ಬರ ಹಾಕುವುದನ್ನು ಮುಂದೂಡಿ. ಮಳೆ ನಿಂತ ಮೇಲೆ ಮಣ್ಣಿನ ಮೇಲ್ಪದರವನ್ನು ಹಳೆಯ ಫೋರ್ಕಿನಿಂದ ಕೆದಕಿ ಗಾಳಿಯಾಡಿಸಿ.

ಗೊಬ್ಬರಕ್ಕೆ ಇಪ್ಪತ್ತು ದಿನಕ್ಕೊಮ್ಮೆ ಕುಂಡಕ್ಕೆ ಎರಡು ಹಿಡಿ ಎರೆಗೊಬ್ಬರ ಸಾಕು. ಹೂ ಕಾಣುವ ಹೊತ್ತಿಗೆ ಐವತ್ತು ಗ್ರಾಂ ಕಡಲೆಕಾಯಿ ಹಿಂಡಿಯನ್ನು ಒಂದು ಲೀಟರ್ ನೀರಿನಲ್ಲಿ ಎರಡು ದಿನ ನೆನೆಸಿ, ಸೋಸಿ, ಹತ್ತು ಪಟ್ಟು ನೀರು ಬೆರೆಸಿ ಕೊಡಿ. ವಾಸನೆ ಬರುತ್ತದೆ. ಡಬ್ಬಿ ಮುಚ್ಚಿಡಿ, ಪಕ್ಕದವರು ಕಿಟಕಿ ತೆಗೆಯುವ ಬೆಳಗಿನ ಹೊತ್ತು ಬಿಟ್ಟು ಸಂಜೆ ಹಾಕಿ. ಕರಿಬೇವಿಗೆ ಚಳಿಗಾಲದಲ್ಲಿ ಏನೂ ಕೊಡಬೇಡಿ, ಕತ್ತರಿಸಲೂ ಬೇಡಿ. ಅದು ಸುಮ್ಮನಿರುವ ಕಾಲ, ಎಲೆ ಹಳದಿಯಾಗಿ ಉದುರಿದರೂ ಫೆಬ್ರುವರಿಗೆ ಚಿಗುರುತ್ತದೆ.

ಡಿಸೆಂಬರ್ 21ರ ಮಧ್ಯಾಹ್ನ ಸೀಮೆಸುಣ್ಣ ಇನ್ನೊಮ್ಮೆ ತೆಗೆಯಿರಿ. ದಕ್ಷಿಣದ ಬಾಲ್ಕನಿಯಲ್ಲಿ ಬಿಸಿಲು ಒಳಗೆ ಬರುವ ಕೊನೆಯ ಗೆರೆ ಅದು. ಅಲ್ಲಿಂದಾಚೆಗೆ ಬಿಸಿಲು ಮತ್ತೆ ಕಂಬಿಯ ಕಡೆಗೆ ಹಿಂದಿರುಗುತ್ತದೆ, ಮೊದಲು ಬಿಸಿಲು ತಪ್ಪುವುದು ಬಾಗಿಲ ಪಕ್ಕದ ಸಾಲಿಗೆ. ಆದ್ದರಿಂದ ಆ ಸಾಲಿನಲ್ಲಿ ಬೇಗ ಮುಗಿಯುವ ಮೆಂತ್ಯ, ಕೊತ್ತಂಬರಿಯನ್ನೇ ಇಟ್ಟುಕೊಳ್ಳಿ. ಟೊಮೆಟೊ ಮತ್ತು ಅವರೆಯ ಕುಂಡಗಳು ಕಂಬಿಗೆ ಹತ್ತಿರವಿರಲಿ.